ಸೈಟು ಚಿಕ್ಕದು, ಸಂಸಾರ ದೊಡ್ಡದು: ಮುಂಗಡಕ್ಕೆ ಮೊದಲಿನ ಹದಿಮೂರು ಸೂತ್ರ

ಬೆಂಗಳೂರಿನಲ್ಲಿ ಸೈಟಿನ ಮಾತೆತ್ತಿದರೆ ಬಡಾವಣೆಯ ಹೆಸರಿಗಿಂತ ಮೊದಲು ಅಳತೆ ಬರುತ್ತದೆ. ‘ಟ್ವೆಂಟಿ-ಥರ್ಟಿ’ ಎಂದರೆ 600 ಚದರಡಿ, ‘ಥರ್ಟಿ-ಫಾರ್ಟಿ’ ಎಂದರೆ 1200. ಮೈಸೂರು, ತುಮಕೂರು, ದಾವಣಗೆರೆ, ಹುಬ್ಬಳ್ಳಿಯಲ್ಲೂ ಈಗ ಇದೇ ಭಾಷೆ. ಬ್ಯಾಂಕು ಎಷ್ಟು ಕೊಡುತ್ತದೆ, ಚದರಡಿ ದರ ಎಷ್ಟು ಎಂದು ಗುಣಿಸಿ, ಕೂಡಿಸಿ ಜನ ಮುಂಗಡ ಕೊಟ್ಟುಬಿಡುತ್ತಾರೆ. ತಮ್ಮ ಸಂಸಾರ ಆ ಜಾಗದಲ್ಲಿ ಹಿಡಿಸುತ್ತದೆಯೇ ಎಂಬ ಲೆಕ್ಕ ಮಾತ್ರ ಎಂಜಿನಿಯರ್ ಮುಂದೆ ಕೂರುವ ದಿನದವರೆಗೂ ಬಾಕಿ. ಅಷ್ಟರಲ್ಲಿ ನೋಂದಣಿಯೂ ಮುಗಿದಿರುತ್ತದೆ. ಆ ಲೆಕ್ಕವನ್ನು ಮುಂಚೆಯೇ ಮಾಡಿ ಮುಗಿಸಲು ಈ ಸೂತ್ರಗಳು. ಕೆಲವಕ್ಕೆ ಐದು ನಿಮಿಷ ಸಾಕು, ಕೆಲವಕ್ಕೆ ಒಂದು ಭಾನುವಾರವೇ ಬೇಕು.

1. ಉಳಿಯುವುದನ್ನು ಅಳೆಯಿರಿ

ಕೊಳ್ಳುವುದು 600 ಚದರಡಿ, ವಾಸಿಸುವುದು ಅಷ್ಟರಲ್ಲಲ್ಲ. ಸುತ್ತ ಬಿಡಬೇಕಾದ ಜಾಗ ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆದ್ದರಿಂದ ಬ್ರೋಕರ್ ಮಾತು ಬಿಟ್ಟು, ನಕ್ಷೆ ಮಂಜೂರು ಮಾಡುವ ಕಚೇರಿಯ ಈಗಿನ ಪಟ್ಟಿಯನ್ನೇ ಕೇಳಿ. ಲೆಕ್ಕದ ರೀತಿ ತಿಳಿಯಲು ಒಂದು ಉದಾಹರಣೆ ನೋಡೋಣ. 20x30ರ ಸೈಟಿನಲ್ಲಿ ಮುಂದೆ 3 ಅಡಿ, ಹಿಂದೆ 2 ಅಡಿ, ಒಂದು ಪಕ್ಕ 3 ಅಡಿ ಬಿಟ್ಟಿರಿ ಎನ್ನಿ. ಹೊರ ಅಳತೆ 17x25 ಆಯಿತು. ಆರಿಂಚಿನ ಗೋಡೆ ಕಳೆದರೆ ಒಳಗೆ 16x24, ಅಂದರೆ 384 ಚದರಡಿ. 30x40ರಲ್ಲಿ ಎರಡೂ ಪಕ್ಕ ಮತ್ತು ಹಿಂದೆ 3 ಅಡಿ, ಮುಂದೆ 5 ಅಡಿ ಬಿಟ್ಟರೆ ಒಳಗೆ 23x31, ಅಂದರೆ 713.

ಇಲ್ಲಿ ಮುಖ್ಯವಾದದ್ದು ಕ್ಷೇತ್ರಫಲಕ್ಕಿಂತ ಅಗಲ. ಹತ್ತಡಿಯ ಎರಡು ಕೋಣೆ ಪಕ್ಕಪಕ್ಕ ಕೂರಲು, ನಡುಗೋಡೆ ಸೇರಿ, ಸುಮಾರು 20.5 ಅಡಿ ಬೇಕು. 23 ಅಡಿಯಲ್ಲಿ ಅದು ಸಾಧ್ಯ, 16ರಲ್ಲಿ ಸಾಧ್ಯವಿಲ್ಲ. ಹದಿನಾರಡಿಯಲ್ಲಿ ಒಂದು ಕೋಣೆ, ಅದರ ಪಕ್ಕ ಅಡುಗೆಮನೆಯೋ ಬಚ್ಚಲೋ ಮೆಟ್ಟಿಲೋ ಕೂರುವ ಐದೂವರೆ ಅಡಿಯ ಪಟ್ಟಿ, ಅಷ್ಟೇ. ಇನ್ನು 15x40 ಎಂಬ ಸೈಟುಗಳಿವೆ. ಅದೂ 600 ಚದರಡಿಯೇ, ದರವೂ ಕೊಂಚ ಕಡಿಮೆ. ಆದರೆ ಪಕ್ಕದ ಜಾಗ ಮತ್ತು ಗೋಡೆ ಕಳೆದರೆ ಒಳಗೆ ಹನ್ನೊಂದೇ ಅಡಿ ಅಗಲ. ಅಲ್ಲಿ ಕಟ್ಟುವುದು ರೈಲು ಡಬ್ಬಿಯನ್ನೇ. ಒಂದು ಕೋಣೆ ದಾಟದೆ ಇನ್ನೊಂದಕ್ಕೆ ಹೋಗಲಾಗದು. ಸಂಸಾರಸ್ಥರಿಗೆ ನಾನು ಅದನ್ನು ಹೇಳುವುದಿಲ್ಲ.

ಎಷ್ಟು ಮಹಡಿ ಎಂಬುದಕ್ಕೂ ಮಿತಿಯಿದೆ. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್ 360 ಚದರ ಮೀಟರ್‌ವರೆಗಿನ ವಾಸದ ಸೈಟಿಗೆ ಕೊಟ್ಟ ಎಫ್‌ಎಆರ್ (ಸೈಟಿನ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ) 1.75. ಆ ಲೆಕ್ಕದಲ್ಲಿ 600 ಚದರಡಿಯ ಸೈಟಿನಲ್ಲಿ ಎಲ್ಲ ಮಹಡಿ ಸೇರಿ 1050 ಚದರಡಿ. ‘ಮೇಲೆ ನಾಲ್ಕು ಮಹಡಿ ಎತ್ತಿಬಿಡಿ ಸಾರ್’ ಎನ್ನುವ ಬ್ರೋಕರನಿಗೆ ಈ ಸಂಖ್ಯೆ ಹೇಳಿ, ಅವನ ಮುಖ ನೋಡಿ.

2. ಮೊದಲು ಮೆಟ್ಟಿಲು ಬರೆಯಿರಿ

ಎಲ್ಲರೂ ಹಾಲ್‌ನಿಂದ ಶುರು ಮಾಡುತ್ತಾರೆ. ಸಣ್ಣ ಸೈಟಿನಲ್ಲಿ ಶುರು ಮಾಡಬೇಕಾದದ್ದು ಮೆಟ್ಟಿಲಿನಿಂದ. ಮಹಡಿಯಿಂದ ಮಹಡಿಗೆ ಹತ್ತಡಿ ಎತ್ತರವಿದ್ದರೆ, ಆರೂವರೆ-ಏಳಿಂಚಿನ ಹದಿನೆಂಟು ಮೆಟ್ಟಿಲು ಬೇಕು. ನಡುವೆ ತಿರುಗುವ ಮೆಟ್ಟಿಲು ಆರೂವರೆ ಅಡಿ ಅಗಲ, ಸುಮಾರು ಹತ್ತಡಿ ಉದ್ದ ನುಂಗುತ್ತದೆ. ಹೆಚ್ಚುಕಡಿಮೆ 65 ಚದರಡಿ, ಅದೂ ಪ್ರತಿ ಮಹಡಿಯಲ್ಲಿ. 384ರಲ್ಲಿ ಅದನ್ನು ಕಳೆಯಿರಿ, 320 ಉಳಿಯಿತು.

ಜಾಗ ಉಳಿಸುತ್ತೇವೆಂದು ಎಂಟೂವರೆ ಇಂಚಿನ ಕಡಿದಾದ ಮೆಟ್ಟಿಲು ಕಟ್ಟುವವರಿದ್ದಾರೆ. ಹೊರಗೆ ಕಬ್ಬಿಣದ ಸುರುಳಿ ಮೆಟ್ಟಿಲು ಹಾಕುವವರೂ ಇದ್ದಾರೆ. ಬಾಡಿಗೆಯವರಿಗಾದರೆ ಸರಿ ಎಂದು ಅವರ ವಾದ. ಆ ಮೆಟ್ಟಿಲ ಮೇಲೆ ಫ್ರಿಜ್ ಹೋಗಬೇಕು, ಮಂಚ ಹೋಗಬೇಕು, ಒಂದಲ್ಲ ಒಂದು ದಿನ ಯಾರನ್ನೋ ಎತ್ತಿಕೊಂಡು ಇಳಿಸಬೇಕಾಗಿಯೂ ಬರಬಹುದು.

3. ನೆಲಮಹಡಿ ಕಾರಿಗೋ, ಅಮ್ಮನಿಗೋ?

ಸಣ್ಣ ಸೈಟಿನ ನಿಜವಾದ ಜಗಳ ಇದು. ಒಂದು ಸಾಧಾರಣ ಕಾರು ನಿಂತು, ಬಾಗಿಲು ತೆರೆಯಲು 8x16 ಅಡಿ ಬೇಕು, ಅಂದರೆ 128 ಚದರಡಿ. 320ರಲ್ಲಿ ಅದನ್ನೂ ಕಳೆದರೆ ನೆಲಮಹಡಿಯಲ್ಲಿ ಉಳಿಯುವುದು ಸುಮಾರು 190. ಅದರಲ್ಲಿ 10x11ರ ಒಂದು ಕೋಣೆ, 30 ಚದರಡಿಯ ಒಂದು ಬಚ್ಚಲು, ಚಪ್ಪಲಿ ಬಿಟ್ಟು ಒಳಗೆ ಬರಲು ಒಂದಿಷ್ಟು ಜಾಗ. ಹಾಲು, ಅಡುಗೆಮನೆ, ದೇವರ ಗೂಡು ಎಲ್ಲವೂ ಮೇಲೆ.

ಈಗ ಮನೆಯ ಹಿರಿಯರನ್ನು ನೆನೆಸಿಕೊಳ್ಳಿ. ಮಂಡಿನೋವಿನ ತಾಯಿ ಕೆಳಗಿನ ಕೋಣೆಯಲ್ಲಿದ್ದರೆ ಊಟಕ್ಕೆ ಮೇಲೆ ಹತ್ತಬೇಕು, ಇಲ್ಲವೇ ತಟ್ಟೆ ಕೆಳಗೆ ಬರಬೇಕು. ಮೊದಲ ತಿಂಗಳು ಮೊಮ್ಮಕ್ಕಳು ಓಡಿ ಓಡಿ ತರುತ್ತಾರೆ. ಆಮೇಲೆ ತಾಯಿ ಒಬ್ಬರೇ ಕೂತು ಉಣ್ಣುತ್ತಾರೆ. ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: 600 ಚದರಡಿಯಲ್ಲಿ ಹಿರಿಯರಿದ್ದರೆ ಕಾರು ಬಿಡಿ. ಸ್ಕೂಟರಿಗೆ ಜಾಗ ಇಟ್ಟು, ಹಾಲು ಮತ್ತು ಅಡುಗೆಮನೆಯನ್ನು ನೆಲಮಹಡಿಗೇ ತನ್ನಿ. ಕಾರು ಬೇಕೇ ಬೇಕು, ಹಿರಿಯರೂ ಕೆಳಗೇ ಇರಬೇಕು ಎಂದಾದರೆ ನಿಮಗೆ ಬೇಕಾದದ್ದು 30x40. ಅಲ್ಲಿ ಮೆಟ್ಟಿಲು, ಕಾರು ಎರಡೂ ಕಳೆದ ಮೇಲೂ ಸುಮಾರು 520 ಚದರಡಿ ಉಳಿಯುತ್ತದೆ. ಒಂದು ಹಾಲು, ಅಡುಗೆಮನೆ, ಬಚ್ಚಲಿರುವ ಒಂದು ಕೋಣೆ ನೆಮ್ಮದಿಯಾಗಿ ಕೂರುತ್ತವೆ.

ಸಂಖ್ಯೆಯಲ್ಲೇ ಹೇಳುವುದಾದರೆ, ಚಿಕ್ಕ ಸೈಟಿನ ನೆಲಮಹಡಿಯಲ್ಲಿ ನಿಮಗೆ ದಕ್ಕುವುದು ಕೊಂಡ ಜಾಗದ ಶೇ. 32, ದೊಡ್ಡದರಲ್ಲಿ ಶೇ. 43. ಚದರಡಿ ದರ ಎರಡಕ್ಕೂ ಒಂದೇ ಇದ್ದರೂ ಬೆಲೆ ಒಂದೇ ಅಲ್ಲ.

4. ಮಂಚ, ಬೀರು ಅಳೆದು ಕೋಣೆ ಬರೆಯಿರಿ

ನಕ್ಷೆಯ ಮೇಲೆ ಎಂಟಡಿಯ ಕೋಣೆಯೂ ಚೆನ್ನಾಗಿಯೇ ಕಾಣುತ್ತದೆ. ಮಂಚದ ಉದ್ದ ಆರೂವರೆ ಅಡಿ, ಬೀರುವಿನ ಆಳ ಎರಡಡಿ. ಎರಡೂ ಒಂದೇ ಸಾಲಿಗೆ ಬಂದರೆ ಎಂಟೂವರೆ, ನಡುವೆ ನಿಲ್ಲಲು ಒಂದೂವರೆ. ಹತ್ತಡಿಗಿಂತ ಕಿರಿದಾದರೆ ಬೀರುವಿನ ಬಾಗಿಲು ಮಂಚಕ್ಕೆ ತಾಗುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಹೇಳುವ ಕನಿಷ್ಠ 9.5 ಚದರ ಮೀಟರ್, ಅಂದರೆ ಸುಮಾರು 102 ಚದರಡಿ. ಅದು ಕನಿಷ್ಠ ಎಂಬುದು ನೆನಪಿರಲಿ.

5. ಹತ್ತು ವರ್ಷದ ನಂತರ ಮನೆಯಲ್ಲಿ ಯಾರಿರುತ್ತಾರೆ?

ಒಂದು ಹಾಳೆಯಲ್ಲಿ ಮನೆಮಂದಿಯ ಹೆಸರು ಬರೆದು, ಎದುರಿಗೆ ಈಗಿನ ವಯಸ್ಸು ಮತ್ತು ಹತ್ತು ವರ್ಷದ ನಂತರದ ವಯಸ್ಸು ಹಾಕಿ. ಒಂದೇ ಕೋಣೆಯಲ್ಲಿ ಮಲಗುವ ಐದು ವರ್ಷದ ಮಗಳು, ಎರಡು ವರ್ಷದ ಮಗ ಆಗ ಹದಿನೈದು, ಹನ್ನೆರಡು. ಊರಲ್ಲಿರುವ ತಂದೆತಾಯಿ ಆಗ ಎಲ್ಲಿರುತ್ತಾರೆ? ಇಬ್ಬರು ಅಣ್ಣತಮ್ಮಂದಿರು ಸೇರಿ ಕೊಳ್ಳುವುದಾದರೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಲೇಬೇಕು: ನಾಳೆ ಭಾಗ ಆದರೆ ಗೋಡೆ ಎಲ್ಲಿ ಬರುತ್ತದೆ? 30x40 ಭಾಗವಾದರೆ ಮೊದಲ ಸೂತ್ರದಲ್ಲಿ ಬೇಡವೆಂದ ಆ 15x40 ಎರಡು ಹುಟ್ಟುತ್ತವೆ. ಮಹಡಿಗೊಬ್ಬರಂತೆ ಹಂಚಿಕೊಳ್ಳುವ ಹಾಗೆ ಮೆಟ್ಟಿಲನ್ನು ಹೊರಗಿನಿಂದ ಇಡುವುದು ಇದಕ್ಕಿರುವ ಒಳ್ಳೆಯ ದಾರಿ. ಅದನ್ನು ಮಾತಾಡಲು ಮುಜುಗರವಾದರೆ ಸೈಟನ್ನೂ ಜೊತೆಯಲ್ಲಿ ಕೊಳ್ಳಬೇಡಿ.

6. ಪಕ್ಕದ ಖಾಲಿ ಸೈಟಿನ ಬೆಳಕು ನಿಮ್ಮದಲ್ಲ

ಮೂರೂ ಕಡೆ ಖಾಲಿ, ಎಂಥ ಗಾಳಿ ಎಂದು ಹಿಗ್ಗುವುದು ಸಹಜ. ಅಲ್ಲೂ ಮೂರು ಮಹಡಿ ಏಳುತ್ತದೆ ಎಂದುಕೊಂಡೇ ಕಿಟಕಿ ಯೋಚಿಸಿ. ಆಗ ಖಚಿತವಾಗಿ ಉಳಿಯುವ ಬೆಳಕು ರಸ್ತೆ ಕಡೆಯದು ಮತ್ತು ಆಕಾಶದ್ದು ಮಾತ್ರ. ರಸ್ತೆಯ ಬೆಳಕು ಮುಂದಿನ ಕೋಣೆಗೆ ಸಾಕು. ನಡುಮನೆಗೆ ಬೆಳಕು ಮೇಲಿಂದಲೇ ಬರಬೇಕು. ನಾಲ್ಕಡಿ ಚೌಕದ ಒಂದು ಬಯಲನ್ನು ಮೆಟ್ಟಿಲ ಪಕ್ಕ ಬಿಟ್ಟು ಮೇಲೆ ಗಾಜು ಹಾಕಿದರೆ, ನಮ್ಮ ತೊಟ್ಟಿಮನೆಗಳು ಮಾಡುತ್ತಿದ್ದ ಕೆಲಸವನ್ನು ಅದು ಚಿಕ್ಕದಾಗಿ ಮಾಡುತ್ತದೆ. ಹದಿನಾರು ಚದರಡಿ ದಂಡ ಎನ್ನುವ ಮೇಸ್ತ್ರಿಗೆ ಹಗಲು ಹೊತ್ತಿನ ಕರೆಂಟು ಬಿಲ್ಲು ಕಟ್ಟಲು ಹೇಳಿ.

ಸುತ್ತಲ ಮನೆಗಳು ಆಗಲೇ ಎದ್ದಿದ್ದರೆ ಒಳ್ಳೆಯದೇ. ಎಷ್ಟು ಬೆಳಕು ಸಿಗುತ್ತದೆ ಎಂಬುದು ಕಣ್ಣೆದುರೇ ಇರುತ್ತದೆ.

7. ಪಡುವಣ ಸೈಟನ್ನು ತಳ್ಳಿಹಾಕಬೇಡಿ

ಪೂರ್ವ, ಉತ್ತರ ದಿಕ್ಕಿಗೆ ದರ ಹೆಚ್ಚು, ಪಶ್ಚಿಮಕ್ಕೆ ಸ್ವಲ್ಪ ಚೌಕಾಸಿ ನಡೆಯುತ್ತದೆ. ವಾಸ್ತು ನಂಬುವವರಿಗೇ ಒಂದು ತಮಾಷೆಯ ಸಂಗತಿ ಹೇಳುತ್ತೇನೆ. ಪೂರ್ವಕ್ಕೆ ರಸ್ತೆಯಿರುವ ಇಪ್ಪತ್ತಡಿಯ ಸೈಟಿನಲ್ಲಿ ಆಗ್ನೇಯದ ಅಡುಗೆಮನೆ ಮುಂಭಾಗಕ್ಕೆ ಬರುತ್ತದೆ, ಈಶಾನ್ಯದ ಸಂಪೂ ಮುಂಭಾಗಕ್ಕೇ, ಕಾರಿಗೂ ಬೇರೆ ದಾರಿಯಿಲ್ಲ. ಮೂರೂ ಅದೇ ಇಪ್ಪತ್ತಡಿಗೆ ಹೊಡೆದಾಡುತ್ತವೆ. ಪಶ್ಚಿಮದ ಸೈಟಿನಲ್ಲಿ ಅಡುಗೆಮನೆ, ಸಂಪು ಹಿಂದಕ್ಕೆ ಸರಿಯುತ್ತವೆ; ಮುಂದಿನ ವಾಯವ್ಯ ಮೂಲೆ ಕಾರಿಗೆ ಸಿಗುತ್ತದೆ. ಸಂಜೆಯ ಬಿಸಿಲೊಂದು ಕಾಟ. ಅದಕ್ಕೆ ಎರಡಡಿ ಸಜ್ಜೆ, ಒಂದು ಬಾಲ್ಕನಿ, ಸಾಧ್ಯವಾದರೆ ರಸ್ತೆಬದಿಯಲ್ಲಿ ಒಂದು ಹೊಂಗೆ ಮರ.

ನಿಮಗೆ ನಂಬಿಕೆಯಿಲ್ಲದಿದ್ದರೂ ಅತ್ತೆಯವರಿಗೆ ಇದೆಯೇ? ಅದನ್ನು ಪಾಯ ತೆಗೆದ ಮೇಲೆ ಕೇಳಬೇಡಿ.

8. ಜೋರು ಮಳೆಯ ಮರುದಿನ ಹೋಗಿ

ಬೇಸಿಗೆಯಲ್ಲಿ ಎಲ್ಲ ಸೈಟೂ ಚೆಂದ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಮನೆಗಳಿಗೆ ನೀರು ನುಗ್ಗಿದಾಗ ಟ್ರ್ಯಾಕ್ಟರ್, ದೋಣಿಗಳಲ್ಲಿ ಜನರನ್ನು ಸಾಗಿಸಿದ್ದನ್ನು ಎಲ್ಲರೂ ನೋಡಿದ್ದಾರೆ. ಅಲ್ಲಿ ಕೋಟಿಗಟ್ಟಲೆ ಬೆಲೆಯ ಮನೆಗಳೂ ಇದ್ದವು. ನೀರು ಬೆಲೆ ನೋಡುವುದಿಲ್ಲ, ಇಳಿಜಾರು ನೋಡುತ್ತದೆ.

ಫೋನಿನಲ್ಲಿ ‘ದಿಶಾಂಕ್’ ಆ್ಯಪ್ ತೆರೆದು ಸೈಟಿನ ಮೇಲೆ ನಿಲ್ಲಿ. ಸರ್ವೇ ನಂಬರ್, ಕೆರೆ, ರಾಜಕಾಲುವೆ, ಖರಾಬು ಎಲ್ಲ ಹಳೆಯ ಗ್ರಾಮ ನಕ್ಷೆಯೊಂದಿಗೆ ಕಾಣುತ್ತವೆ. ಕಾಲುವೆ, ಕೆರೆಗಳಿಂದ ಬಿಡಬೇಕಾದ ದೂರ ಹಲವು ಸಲ ಬದಲಾಗಿದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಎಂದಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಇವತ್ತಿನ ಅಂಕಿ ಎಷ್ಟಾದರೂ ಇರಲಿ, ಅದರ ಅಂಚಿನಲ್ಲಿರುವ ಸಣ್ಣ ಸೈಟು ಬೇಡ. ದೊಡ್ಡ ಸೈಟಿನಲ್ಲಿ ಮನೆಯನ್ನು ಹಿಂದಕ್ಕೆ ಸರಿಸಬಹುದು, ಇಪ್ಪತ್ತಡಿಯಲ್ಲಿ ಎಲ್ಲಿಗೆ ಸರಿಸುತ್ತೀರಿ?

ಪಕ್ಕದ ಕಾಂಪೌಂಡಿನ ಮೇಲೆ ನೀರು ನಿಂತ ಕಲೆ ಇದೆಯೇ ನೋಡಿ. ಮೂಲೆಯ ಇಸ್ತ್ರಿ ಅಂಗಡಿಯವರನ್ನು ಕೇಳಿ, ಬಡಾವಣೆಯಲ್ಲಿ ಅವರಿಗೆ ತಿಳಿಯದ್ದು ಕಡಿಮೆ. ಸೈಟು ರಸ್ತೆಗಿಂತ ತಗ್ಗಿನಲ್ಲಿದ್ದರೆ ಮಣ್ಣು ತುಂಬಿಸಿ ಎತ್ತರಿಸಬಹುದು ಎನ್ನುತ್ತಾರೆ, ಸರಿ. ಆದರೆ ರಸ್ತೆಗಿಂತ ಒಂದಡಿ ಮೇಲಿರುವ ಜಾಗಕ್ಕೆ ಕಾರು ಹತ್ತಿಸಲು ಏಳೆಂಟಡಿ ಉದ್ದದ ಇಳಿಜಾರು ಬೇಕು. ಮುಂದೆ ಬಿಟ್ಟಿರುವುದೇ ಮೂರಡಿ. ಚರಂಡಿಯ ಮೇಲೆ, ರಸ್ತೆಯ ಮೇಲೆ ಚಾಚಿಕೊಂಡ ಸಿಮೆಂಟಿನ ಇಳಿಜಾರುಗಳು ಬೀದಿಬೀದಿಯಲ್ಲಿ ಕಾಣುವುದು ಇದಕ್ಕೇ.

9. ಮಣ್ಣು ಕೇಳಿ, ಪಕ್ಕದವರ ಪಾಯವನ್ನೂ ಕೇಳಿ

ಗಟ್ಟಿ ಕೆಂಪು ಮಣ್ಣು ಸಿಕ್ಕರೆ ಅದೃಷ್ಟ. ಧಾರವಾಡ, ಗದಗ, ವಿಜಯಪುರ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮಾಮೂಲಿ ಪಾಯ ಹಾಕಿದರೆ ಗೋಡೆಯೂ ಅದರೊಂದಿಗೆ ಬಿರಿಯುತ್ತದೆ. ಬೆಂಗಳೂರಿನ ಅಪಾಯ ಬೇರೆ: ಹಳೆಯ ಕಲ್ಲುಕ್ವಾರಿ, ಬಾವಿ, ಹಳ್ಳಗಳಿಗೆ ಕಟ್ಟಡದ ಕಸ ತುಂಬಿ ಮಟ್ಟ ಮಾಡಿದ ಸೈಟುಗಳು. ಮಾರುವವರ ಒಪ್ಪಿಗೆ ಪಡೆದು ಐದಡಿ ಗುಂಡಿ ತೋಡಿಸಿ. ಇಟ್ಟಿಗೆ ಚೂರು, ಪ್ಲಾಸ್ಟಿಕ್ ಬಂದರೆ ಪಾಯದ ಖರ್ಚು ಹೊಸದಾಗಿ ಲೆಕ್ಕ ಹಾಕಬೇಕು.

ಸಣ್ಣ ಸೈಟಿಗೆ ಇನ್ನೊಂದು ತೊಡಕಿದೆ. ಪಕ್ಕದವರು ಗಡಿಗೆ ತಾಗಿಸಿ ಹಳೆಯ ಸೈಜುಗಲ್ಲಿನ ಪಾಯ ಹಾಕಿದ್ದರೆ, ನೀವು ಅದಕ್ಕಿಂತ ಆಳಕ್ಕೆ ಅಗೆಯುವಾಗ ಅವರ ಗೋಡೆಗೆ ಅಪಾಯ. ನಿಮ್ಮ ಪಿಲ್ಲರೂ ಗಡಿಯ ಅಂಚಿಗೇ ಬಂದರೆ ಅದರ ಪಾದ ಎರಡೂ ಕಡೆ ಸಮನಾಗಿ ಹರಡಲು ಜಾಗ ಸಿಗದು. ಆಗ ಒಳಗಿನ ಪಿಲ್ಲರಿಗೆ ಬೀಮಿನಿಂದ ಕಟ್ಟಬೇಕಾಗುತ್ತದೆ. ಇದನ್ನು ಮೇಸ್ತ್ರಿಯ ಅಂದಾಜಿಗೆ ಬಿಡದೆ ಸ್ಟ್ರಕ್ಚರಲ್ ಎಂಜಿನಿಯರ್ ಕೈಗೆ ಕೊಡಿ.

10. ನೀರು: ಇಂದು ಯಾವುದು ಬರುತ್ತಿದೆ?

‘ಕಾವೇರಿ ಬರುತ್ತೆ’ ಎಂಬುದು ಭವಿಷ್ಯತ್ಕಾಲ. ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ನಿಮ್ಮ ಬೀದಿಯಲ್ಲಿ ಕೊಳವೆ ಇದೆಯೇ, ಅದರಲ್ಲಿ ನೀರಿದೆಯೇ ಎಂಬುದನ್ನು ಎದುರು ಮನೆಯವರು ಹೇಳಬೇಕು. ಐದು ಜನರಿಗೆ ತಲೆಗೆ 135 ಲೀಟರಿನಂತೆ ದಿನಕ್ಕೆ 675 ಲೀಟರ್. 8x5x5 ಅಡಿಯ ಸಂಪು ಸುಮಾರು 5600 ಲೀಟರ್ ಹಿಡಿಯುತ್ತದೆ, ಎಂಟು ದಿನಕ್ಕಾಯಿತು. ಅದನ್ನು ಕಾರಿನ ಕೆಳಗೆ ಇಡಬಹುದು, ಮುಚ್ಚಳ ಮಾತ್ರ ಕಾರಿನ ಭಾರ ತಾಳುವಂತಿರಲಿ. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿಲಿಮೀಟರ್. 425 ಚದರಡಿಯ ತಾರಸಿಯಿಂದ ಅದರ ಮುಕ್ಕಾಲು ಪಾಲು ಹಿಡಿದರೂ ಐವರಿಗೆ ಒಂದು ತಿಂಗಳು ದಾಟಿ ಬರುತ್ತದೆ. ಜಲಮಂಡಳಿ 30x40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗೆ ಮಳೆಕೊಯ್ಲು ಕಡ್ಡಾಯ ಮಾಡಿದೆ. ಚಿಕ್ಕದರಲ್ಲೂ ಮಾಡಿಸಿ. ಬೋರ್‌ವೆಲ್ ಬೇಕಿದ್ದರೆ ಮನೆ ಏಳುವ ಮೊದಲೇ ಕೊರೆಸಿ, ಆಮೇಲೆ ಲಾರಿ ಒಳಗೆ ಬರುವುದಿಲ್ಲ.

ಒಳಚರಂಡಿ ಇಲ್ಲದ ಬಡಾವಣೆಯಾದರೆ ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿ, ಸಂಪು ಮೂರೂ 600 ಚದರಡಿಯೊಳಗೇ. ಇದೊಂದೇ ಕಾರಣಕ್ಕೆ ಸೈಟು ಬಿಟ್ಟರೂ ತಪ್ಪಿಲ್ಲ.

11. ತಲೆಯೆತ್ತಿ ನೋಡಿ

11 ಕೆವಿ ತಂತಿಯಿಂದ ಕಟ್ಟಡ ಪಕ್ಕಕ್ಕೆ ಕನಿಷ್ಠ 1.2 ಮೀಟರ್ ದೂರವಿರಬೇಕು, 33 ಕೆವಿ ಆದರೆ 2 ಮೀಟರ್. ಬಾಲ್ಕನಿಯ ತುದಿಯಿಂದ ಅಳೆಯಿರಿ. ಟ್ರಾನ್ಸ್‌ಫಾರ್ಮರ್ ಎದುರಿಗಿದ್ದರೆ ಗೇಟು ಎಲ್ಲಿ ಬರುತ್ತದೆ? ಇನ್ನು ಬೀದಿ ಎಷ್ಟು ಅಗಲ? ಎಂ-ಸ್ಯಾಂಡ್ ಲಾರಿ ಬಾರದಿದ್ದರೆ ತಲೆಹೊರೆಯ ಕೂಲಿ ನಿಮ್ಮದು, ಆಂಬುಲೆನ್ಸ್ ಬಾರದಿದ್ದರೆ ಅದರ ಬೆಲೆ ಬೇರೆ.

12. ಟೇಪು ಮತ್ತು ಕಾಗದ ಒಂದೇ ಮಾತು ಹೇಳಬೇಕು

ಕ್ರಯಪತ್ರದ ಚಕ್ಕುಬಂದಿ ಹಿಡಿದು ನಾಲ್ಕೂ ಬದಿ ಅಳೆಯಿರಿ, ನಂತರ ಎರಡೂ ಕರ್ಣ. 30x40ರ ಸೈಟು ಮೂಲೆಮಟ್ಟ ಇದ್ದರೆ ಕರ್ಣ ಸರಿಯಾಗಿ 50 ಅಡಿ, 20x30ಕ್ಕೆ 36 ಅಡಿ ಮೇಲೆ ಮುಕ್ಕಾಲಿಂಚು. ಎರಡು ಕರ್ಣ ಬೇರೆ ಬಂದರೆ ಸೈಟು ಸೊಟ್ಟ. ದೊಡ್ಡ ಜಾಗದಲ್ಲಿ ಅರ್ಧ ಅಡಿ ಕಳೆದರೆ ಗೊತ್ತಾಗುವುದಿಲ್ಲ, ಇಲ್ಲಿ ಅದು ಬಚ್ಚಲಿನ ಅಗಲವನ್ನೇ ತಿನ್ನುತ್ತದೆ. ಅನುಮಾನ ಬಂದರೆ ಸರ್ವೇಯರ್ ಕರೆಸಿ ಹದ್ದುಬಸ್ತು ಮಾಡಿಸಿ.

ಕಾಗದದ ವಿಷಯ ವಕೀಲರದ್ದು. ನೀವು ಕೇಳಲೇಬೇಕಾದದ್ದು ಇಷ್ಟು. ಕೃಷಿ ಜಮೀನಾಗಿದ್ದರೆ ಭೂಪರಿವರ್ತನೆ ಆಗಿದೆಯೇ? ಬಡಾವಣೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಇದೆಯೇ? ಇ-ಖಾತಾ ಇದೆಯೇ, ಪಂಚಾಯಿತಿ ಸ್ವತ್ತಾದರೆ ಇರುವುದು ನಮೂನೆ 9 ಮತ್ತು 11ಎಯೋ, ಅಥವಾ 11ಬಿಯೋ? ಋಣಭಾರ ಪತ್ರದಲ್ಲಿ ಸಾಲ ಉಳಿದಿದೆಯೇ? ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನೇ? ಹಾಗಿದ್ದರೆ ಅಂಥ ಜಮೀನಿನ ಮಾರಾಟವನ್ನು ನಿರ್ಬಂಧಿಸುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸಣ್ಣ ಸೈಟಿಗೇ ವಿಶೇಷವಾದ ಪ್ರಶ್ನೆ ಇನ್ನೊಂದು: ಇದು ಅನುಮೋದಿತ ನಕ್ಷೆಯಲ್ಲೇ 20x30 ಆಗಿತ್ತೇ, ಅಥವಾ 30x40 ಅನ್ನು ಮಾಲೀಕರು ತಾವಾಗಿ ಸೀಳಿದ್ದೇ? ಸೀಳಿದ್ದಾದರೆ ವಿಭಜನೆಗೆ ಒಪ್ಪಿಗೆ, ಬೇರೆ ಖಾತೆ ಕಾಣುವವರೆಗೆ ಕೈ ಜೇಬಿನಲ್ಲೇ ಇರಲಿ. ನಕ್ಷೆ ಮಂಜೂರಾಗದ ಜಾಗದಲ್ಲಿ ಕಟ್ಟಿದ ಮನೆಗೆ ಕರೆಂಟು, ನೀರು ಸಿಗುವುದು ಕಷ್ಟ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಈ ವಿಷಯ ಬಿಗಿಯಾಗಿದೆ.

ದರದ ಮೇಲೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 2 ಸೇರಿಸಿಕೊಳ್ಳಿ. ಸಂಪು, ಮೆಟ್ಟಿಲು, ಬೋರು, ಮೀಟರಿನ ಠೇವಣಿ ಇವೆಲ್ಲ ಸೈಟು ಅರ್ಧವಾಯಿತೆಂದು ಅರ್ಧವಾಗುವುದಿಲ್ಲ.

13. ಸುಣ್ಣದ ಪುಡಿ ಚೆಲ್ಲಿ, ಎಲ್ಲರನ್ನೂ ಕರೆತನ್ನಿ

ಇಷ್ಟೆಲ್ಲ ದಾಟಿದ ಸೈಟು ಸಿಕ್ಕರೆ ಒಂದು ಭಾನುವಾರ ಬೆಳಿಗ್ಗೆ ಹಗ್ಗ, ಗೂಟ, ಒಂದು ಚೀಲ ಸುಣ್ಣದ ಪುಡಿ ತೆಗೆದುಕೊಂಡು ಹೋಗಿ. ಮುಂದೆ, ಪಕ್ಕ ಬಿಡುವ ಜಾಗ ಬಿಟ್ಟು ನೆಲಮಹಡಿಯನ್ನು ನೆಲದ ಮೇಲೇ ಪೂರ್ತಿ ಅಳತೆಯಲ್ಲಿ ಬರೆಯಿರಿ. ಮೆಟ್ಟಿಲಿನ ಚೌಕ, ಬಚ್ಚಲು, ಒಲೆಯ ಕಟ್ಟೆ ಎಲ್ಲವೂ ಇರಲಿ. ಕಾರನ್ನು ಅದರ ಜಾಗಕ್ಕೆ ತಂದು ನಿಲ್ಲಿಸಿ, ನಾಲ್ಕೂ ಬಾಗಿಲು ತೆರೆಯಿರಿ. ಅಮ್ಮನಿಗೆ ಒಂದು ಕುರ್ಚಿ ಹಾಕಿ, ಅಲ್ಲಿಂದ ಬಚ್ಚಲಿಗೆ ನಡೆದು ನೋಡಲು ಹೇಳಿ. ಅಡುಗೆ ಮಾಡುವವರು ಕಟ್ಟೆಯ ಗೆರೆಯ ಮುಂದೆ ನಿಂತು ಹಿಂದಕ್ಕೆ ತಿರುಗಲಿ. ಖಾಲಿ ಬಯಲಿನಲ್ಲಿ ಗೆರೆ ಎಳೆದ ಕೋಣೆ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಕಣ್ಣಿನ ಮಾತಿಗಿಂತ ಮೊಣಕೈ ತಾಗುತ್ತದೆಯೇ ಎಂಬುದನ್ನು ನಂಬಿ.

ಅಲ್ಲೇ ನಿಂತು ಯಾರಾದರೂ ‘ಬೇಡ’ ಎಂದರೆ ಕಾರಣ ಕೇಳಿ ಬರೆದುಕೊಳ್ಳಿ. ಎಲ್ಲರೂ ಒಪ್ಪಿದರೆ ಮುಂಗಡದ ಕರಾರಿನಲ್ಲಿ ಎರಡು ಸಾಲು ಸೇರಿಸಿ. ಒಂದು, ಸ್ಥಳದ ಅಳತೆ ಚಕ್ಕುಬಂದಿಗಿಂತ ಕಡಿಮೆ ಬಂದರೆ ಆ ಮಟ್ಟಿಗೆ ಬೆಲೆ ಇಳಿಯಬೇಕು. ಎರಡು, ವಕೀಲರ ಪರಿಶೀಲನೆಯಲ್ಲಿ ದೋಷ ಕಂಡರೆ ಇಷ್ಟು ದಿನದೊಳಗೆ ಪೂರ್ತಿ ಮುಂಗಡ ವಾಪಸ್. ಹಣವನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಕೊಡಿ. ಈ ಎರಡು ಸಾಲಿಗೆ ಸಹಿ ಹಾಕಲು ಮಾರುವವರು ಹಿಂಜರಿದರೆ ಸುಣ್ಣದ ಗೆರೆ ಅಲ್ಲೇ ಬಿಟ್ಟು ಬನ್ನಿ, ಹಗ್ಗ ಮತ್ತು ಗೂಟ ಮುಂದಿನ ಸೈಟಿಗೆ ಬೇಕಾಗುತ್ತವೆ.